ಕಡ್ಡಿ ಪೈಲ್ವಾನನ ಆರು ಸೆಕೆಂಡು

“ನೂರಾ ಹನ್ನೆರಡು!” ಎಂದು ಕೂಗಿ ಅಣ್ಣ ಕುರ್ಚಿಯಿಂದ ಎದ್ದೇ ಬಿಟ್ಟ. “ನೋಡಿದ್ಯಾ? ಸೆಕೆಂಡಿಗೆ ನೂರಾ ಹನ್ನೆರಡು ಫ್ರೇಮ್, ನೂರಾ ಹನ್ನೆರಡು ಚಿತ್ರ! ಕಾರು ಹೇಗೆ ಹಾರ್ತಿದೆ ನೋಡು!”

ಪರದೆಯ ಮೇಲೆ ಕೆಂಪು ಕಾರೊಂದು ತಿರುವಿನಲ್ಲಿ ಧೂಳೆಬ್ಬಿಸಿಕೊಂಡು ಓಡುತ್ತಿತ್ತು. ಬುಗುರಿ ಮೇಜಿನ ಅಂಚು ಹಿಡಿದು, ತುದಿಗಾಲಲ್ಲಿ ನಿಂತು ನೋಡಿದಳು. ಧೂಳಿನ ಒಂದೊಂದು ಕಣವೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಅವಳ ಬಾಯಿಂದ “ಅಬ್ಬಾ!” ಎಂಬ ಮಾತು ತಾನಾಗಿಯೇ ಬಂತು.

ಬುಗುರಿ ಎಂಬುದು ಅವಳ ಹೆಸರಲ್ಲ. ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ಹುಡುಗಿಗೆ ಮನೆಯವರು ಅಂಟಿಸಿದ ಹೆಸರು. ಐದನೇ ಕ್ಲಾಸಿಗೆ ಬಂದಿದ್ದರೂ, ಹಾಜರಿ ಪುಸ್ತಕವೊಂದನ್ನು ಬಿಟ್ಟು ಉಳಿದ ಎಲ್ಲ ಕಡೆ ಅದೇ ನಡೆಯುತ್ತಿತ್ತು.

ಅವರಿದ್ದದ್ದು ರಿಪೇರಿ ಅತ್ತೆಯ ಅಂಗಡಿಯಲ್ಲಿ. ಅತ್ತೆ ಯಾರಿಗೂ ಸ್ವಂತ ಅತ್ತೆಯಲ್ಲ, ಇಡೀ ಬೀದಿಗೆ ಅತ್ತೆ. ಕೆಟ್ಟ ಕಂಪ್ಯೂಟರುಗಳ ಹೊಟ್ಟೆ ಬಗೆದು ಸರಿಮಾಡುವುದು ಅವರ ಕೆಲಸ. ಅಂಗಡಿಯ ಗೋಡೆಯ ತುಂಬ ವೈರುಗಳು ಜೋತಾಡುತ್ತಿದ್ದವು. ಮೇಜಿನ ಮೇಲೆ ಡಬ್ಬಿಗಟ್ಟಲೆ ಸ್ಕ್ರೂ. ಅತ್ತೆಯ ಕನ್ನಡಕ ಯಾವಾಗಲೂ ಹಣೆಯ ಮೇಲೆಯೇ ಇರುತ್ತಿತ್ತು, ಅವರು ಯಾವಾಗಲೂ ಅದನ್ನು ಹುಡುಕುತ್ತಲೇ ಇರುತ್ತಿದ್ದರು.

“ಸರಿ, ಈಗ ಆ ಸಣ್ಣದನ್ನ ಹಾಕಿ ನೋಡೋಣ,” ಎಂದರು ಅತ್ತೆ.

ಮೇಜಿನ ಮೇಲೆ ಇದ್ದದ್ದು ಎರಡು ಹಳೆಯ ಗ್ರಾಫಿಕ್ಸ್ ಕಾರ್ಡ್. ಕಂಪ್ಯೂಟರಿನೊಳಗೆ ಕೂತು ಪರದೆಯ ಮೇಲೆ ಚಿತ್ರ ಬಿಡಿಸುವ ಹಲಗೆ ಅದು. ಒಂದು ಇಟ್ಟಿಗೆಯಷ್ಟು ದಪ್ಪ. ಅದಕ್ಕೆ ಮೂರು ಫ್ಯಾನು, ಅಂಚಿಗೆ ಕೆಂಪು ಲೈಟು. ಇನ್ನೊಂದು ನೋಟ್‌ಬುಕ್ಕಿನಷ್ಟು ತೆಳ್ಳಗೆ. ಒಂದೇ ಒಂದು ಪುಟ್ಟ ಫ್ಯಾನು, ಲೈಟೂ ಇಲ್ಲ, ಗೀಟೂ ಇಲ್ಲ. ಮೈಮೇಲೆ ಮಾಸಿದ ನೀಲಿ ಸ್ಟಿಕ್ಕರ್. ಅಣ್ಣ ಆಗಲೇ ಅದಕ್ಕೆ ಕಡ್ಡಿ ಪೈಲ್ವಾನ ಎಂದು ಹೆಸರಿಟ್ಟಾಗಿತ್ತು.

ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಯಾವ ಕಾರ್ಡ್ ಬಂದರೂ ಅದೇ ಕಾರ್ ರೇಸ್, ಅದೇ ರಸ್ತೆ, ಅದೇ ಕೆಂಪು ಕಾರು. “ಕಾರು ಓಡಿಸು, ಗೊತ್ತಾಗುತ್ತೆ,” ಎನ್ನುವುದು ಅತ್ತೆಯ ಮಾತು. ಕಾರು ಚೆನ್ನಾಗಿ ಓಡಿದರೆ ಕಾರ್ಡು ಕಪಾಟಿಗೆ, ಕುಂಟಿದರೆ ಗುಜರಿ ಡಬ್ಬಕ್ಕೆ.

ಕಡ್ಡಿ ಪೈಲ್ವಾನ ಹಾಕಿದಾಗ ಕಾರು ಕುಂಟಿತು. ತಿರುವಿನಲ್ಲಿ ತಡವರಿಸಿ, ನಿಂತು, ಜಿಗಿದು, ಗೋಡೆಗೆ ಹೋಗಿ ಗುದ್ದಿತು.

“ಇಪ್ಪತ್ತೊಂಬತ್ತು,” ಎಂದು ಓದಿದ ಅಣ್ಣ. “ಮೂರ್ತಿ ಚಿಕ್ಕದು, ಕೀರ್ತಿ ಅದಕ್ಕಿಂತ ಚಿಕ್ಕದು!”

ಎಲ್ಲರಿಗಿಂತ ಜೋರಾಗಿ ನಕ್ಕವಳು ಬುಗುರಿಯೇ. ಅದನ್ನು ಮುಚ್ಚಿಡುವಂತಿಲ್ಲ.

“ಎರಡರಲ್ಲಿ ಯಾವುದು ಬೇಕೋ ತಗೊಂಡು ಹೋಗಿ,” ಎಂದರು ಅತ್ತೆ. “ನಿಮ್ಮಮ್ಮಂಗೆ ನಾಳೆ ದೊಡ್ಡ ಕೆಲಸ ಇದೆಯಂತಲ್ಲ.”

ಕೇಳುವುದೇನಿತ್ತು? ಅಣ್ಣ ದೊಡ್ಡ ಕಾರ್ಡನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡ. ಬುಗುರಿ ಸೈಕಲ್ ಹಿಡಿದುಕೊಂಡಳು.

ನಾಳೆಯ ಕೆಲಸ ನಿಜವಾಗಿಯೂ ದೊಡ್ಡದು. ಅಮ್ಮ ಮಕ್ಕಳ ಆಟದ ಸಾಮಾನುಗಳ ನಕ್ಷೆ ಬರೆಯುವವಳು. ಇಷ್ಟು ದಿನ ಬರೀ ಉಯ್ಯಾಲೆ, ಏಣಿ, ಜಾರುಬಂಡೆ. ಈ ಸಲ ಪಾರ್ಕಿಗೆ ಒಂದು ಹಗ್ಗದ ಗೋಪುರ. ಎರಡು ಮಾಳಿಗೆ ಎತ್ತರದ ಕಂಬ, ಅದರ ಸುತ್ತ ಬಲೆಯ ಹಾಗೆ ಹಗ್ಗ, ಒಂದೇ ಸಲಕ್ಕೆ ನಲವತ್ತು ಮಕ್ಕಳು ಹತ್ತಬಹುದು.

ಪಾರ್ಕಿನಲ್ಲಿ ಮೊದಲು ಅಂಥದ್ದೇ ಒಂದು ಇತ್ತು. ಎರಡು ವರ್ಷದ ಹಿಂದೆ ಒಂದು ಮಗುವಿನ ತಲೆ ಹಗ್ಗದ ಸಂದಿಯಲ್ಲಿ ಸಿಕ್ಕಿಕೊಂಡಿತು. ಮಗುವಿಗೆ ಏನೂ ಆಗಲಿಲ್ಲ, ಆದರೆ ಮಾರನೇ ದಿನವೇ ಬಲೆ ಬಿಚ್ಚಿಸಿದರು. ಈಗ ಅಲ್ಲಿ ಒಂಟಿ ಕಂಬ ಮಾತ್ರ ನಿಂತಿದೆ. ಬುಗುರಿಯ ಕ್ಲಾಸಿನವರು ಅದರ ಸುತ್ತ ಕೂತು ಬೇಜಾರು ಮಾಡಿಕೊಳ್ಳುತ್ತಾರೆ, ಅಷ್ಟೇ.

ಶನಿವಾರ ಹನ್ನೊಂದು ಗಂಟೆಗೆ ಪಾರ್ಕ್ ಕಮಿಟಿಯವರು ಅಮ್ಮನ ಕೆಲಸದ ಕೋಣೆಗೇ ಬರುವವರಿದ್ದರು. ಬಲೆಯನ್ನು ಪರದೆಯ ಮೇಲೆ ಎಲ್ಲ ಕಡೆಯಿಂದ ತಿರುಗಿಸಿ, ಎಲ್ಲಿಯೂ ತಲೆ ಸಿಕ್ಕುವ ಸಂದಿಯಿಲ್ಲ ಎಂದು ಅಮ್ಮ ತೋರಿಸಬೇಕು. ಅವರಿಗೆ ಒಪ್ಪಿಗೆಯಾಗದಿದ್ದರೆ ದೊಡ್ಡ ಕಂಪನಿಯೊಂದರ ಪ್ಲಾಸ್ಟಿಕ್ ಜಾರುಬಂಡೆ ತರಿಸುತ್ತಾರೆ. ಅಂಥ ಹೊತ್ತಿನಲ್ಲೇ, ಗುರುವಾರ ಮಧ್ಯಾಹ್ನ, ಅಮ್ಮನ ಕಂಪ್ಯೂಟರಿನ ಕಾರ್ಡು ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತ್ತು.

ಶುಕ್ರವಾರ ಸ್ಕೂಲು ಬಿಟ್ಟ ಮೇಲೆ ಮಕ್ಕಳಿಬ್ಬರೂ ಅಂಗಡಿಗೆ ಓಡಿದ್ದು ಅದಕ್ಕೇ.

ಅಣ್ಣ ಒಂಬತ್ತನೇ ಕ್ಲಾಸು. ಮನೆಯಲ್ಲಿ ಕಂಪ್ಯೂಟರ್ ಅಂದರೆ ಅವನೇ. ಮನೆಗೆ ಬಂದು ಹತ್ತೇ ನಿಮಿಷದಲ್ಲಿ ದೊಡ್ಡ ಕಾರ್ಡನ್ನು ಕೂರಿಸಿ, ಎರಡು ದಪ್ಪ ವೈರು ಸಿಕ್ಕಿಸಿ, ಅದಕ್ಕೆ ಬೇಕಾದ ಸಾಫ್ಟ್‌ವೇರ್ ಹಾಕಿ, ಸ್ವಿಚ್ ಒತ್ತಿದ. ಕಿಟಕಿಯ ಪರದೆಯ ಮೇಲೆಲ್ಲ ಕೆಂಪು ಬೆಳಕು ಬಿತ್ತು.

“ಇದೇನೋ ಇಷ್ಟೊಂದು ಲೈಟು? ನಾನು ಡ್ರಾಯಿಂಗ್ ಮಾಡೋಳು, ಸರ್ಕಸ್ ಮಾಡೋಳಲ್ಲ,” ಎಂದು ನಗುತ್ತ ಅಮ್ಮ ಬಂದು ಕೂತಳು. ಬಲೆಯ ಫೈಲ್ ತೆರೆದಳು.

ಬಲೆ ಬಂತು. ಚೆನ್ನಾಗಿಯೇ ಬಂತು. ಅಮ್ಮ ಅದನ್ನು ತಿರುಗಿಸಲು ಮೌಸ್ ಎಳೆದಳು. ಬಲೆ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಂದು ಸಲ ಜಿಗಿಯಿತು. ಮತ್ತೆ ನಿಂತಿತು. ಮತ್ತೆ ಜಿಗಿಯಿತು. ಅಮ್ಮ ನೋಡಬೇಕೆಂದ ಗಂಟನ್ನು ದಾಟಿ ಎಲ್ಲಿಗೋ ಹೋಗಿ ನಿಂತಿತು.

ಅಮ್ಮ ಮತ್ತೆ ಎಳೆದಳು. ಅದೇ ಕಥೆ.

“ಕಾರ್ಡ್ ಕೆಟ್ಟಿದೆಯೇನೋ?” ಎಂದಳು ಅಮ್ಮ.

“ಚಾನ್ಸೇ ಇಲ್ಲ!” ಅಣ್ಣನ ಮುಖ ಕೆಂಪಾಯಿತು. ಅವನು ಮೌಸ್ ಕಸಿದುಕೊಂಡು ತನ್ನ ಆಟವನ್ನು ಹಾಕಿದ. ಆಟ ನೀರಿನ ಹಾಗೆ ಹರಿಯಿತು. “ನೋಡು, ಕಾರ್ಡ್ ಫಸ್ಟ್ ಕ್ಲಾಸಾಗಿದೆ. ನಿನ್ನ ಡ್ರಾಯಿಂಗೇ ಭಾರ.”

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ,” ಎಂದಳು ಬುಗುರಿ.

“ನೀನು ಬಾಯಿ ಮುಚ್ಚು. ನಿಂಗೇನು ಗೊತ್ತು?”

ಅಮ್ಮ ಇಬ್ಬರನ್ನೂ ಬೈಯಲಿಲ್ಲ. “ಪರವಾಗಿಲ್ಲ ಬಿಡು. ನಾಳೆ ನಿಧಾನಕ್ಕೆ ತಿರುಗಿಸ್ತೀನಿ. ಎರಡು ಮೂರು ಫೋಟೋ ಪ್ರಿಂಟ್ ತೆಗೆದಿಟ್ಕೋತೀನಿ,” ಎಂದಳು. ಆದರೆ ಮೌಸನ್ನು ಎಳೆಯುವುದು, ಕಾಯುವುದು, ತುಟಿ ಕಚ್ಚುವುದು ನಿಲ್ಲಲಿಲ್ಲ. ಬಲೆಯ ಹಿಂಬದಿಯನ್ನು ಒಂದು ಸಲವೂ ಸರಿಯಾಗಿ ನಿಲ್ಲಿಸಲು ಅವಳಿಂದ ಆಗಲಿಲ್ಲ.

ಬುಗುರಿಗೆ ಒಂದು ವಿಷಯ ಗೊತ್ತಿತ್ತು. ಅಮ್ಮ “ಪರವಾಗಿಲ್ಲ” ಎಂದಾಗಲೆಲ್ಲ ಏನೋ ಪರವಾಗಿದೆ ಎಂದೇ ಅರ್ಥ. ಇಷ್ಟಕ್ಕೂ ಅಂಗಡಿಯಲ್ಲಿ ನಕ್ಕವರಲ್ಲಿ ಬುಗುರಿಯೂ ಒಬ್ಬಳು.

ಅವಳು ಕೋಣೆಯಲ್ಲಿ ಒಂದು ಸುತ್ತು ಹಾಕಿದಳು. ಎರಡು ಸುತ್ತು. ಮೂರನೇ ಸುತ್ತಿನಲ್ಲಿ ಕಸದ ಬುಟ್ಟಿಯೊಳಗೆ ಸುಟ್ಟುಹೋದ ಹಳೆಯ ಕಾರ್ಡ್ ಕಂಡಿತು. ಐದು ವರ್ಷ ಅಮ್ಮನ ಬಲೆಗಳನ್ನೂ ಉಯ್ಯಾಲೆಗಳನ್ನೂ ತಿರುಗಿಸಿದ ಕಾರ್ಡು. ಬುಗುರಿ ಅದನ್ನು ಎತ್ತಿಕೊಂಡಳು.

ನೋಟ್‌ಬುಕ್ಕಿನಷ್ಟು ತೆಳ್ಳಗೆ. ಒಂದೇ ಪುಟ್ಟ ಫ್ಯಾನು. ಒರೆಸಿ ನೋಡಿದರೆ ಮೈಮೇಲೆ ನೀಲಿ ಸ್ಟಿಕ್ಕರ್.

“ಅಣ್ಣಾ! ಇದು ಕಡ್ಡಿ ಪೈಲ್ವಾನನ ಅಣ್ಣನೋ ತಮ್ಮನೋ ಇರಬೇಕು, ನೋಡು!”

“ಇದ್ರೆ ಇರಲಿ. ಅದು ಟೆಸ್ಟಲ್ಲಿ ಫೇಲ್ ಆಯ್ತಲ್ಲ.”

“ಯಾವ ಟೆಸ್ಟಲ್ಲಿ?”

“ರೇಸ್ ಟೆಸ್ಟಲ್ಲಿ. ನೀನೇ ನೋಡಿದ್ಯಲ್ಲ.”

“ಅಮ್ಮ ರೇಸ್ ಆಡ್ತಾಳಾ?”

ಅಣ್ಣ ಅವಳ ಕೈಯಲ್ಲಿದ್ದ ಸುಟ್ಟ ಕಾರ್ಡನ್ನು ಬಗ್ಗಿ ನೋಡಿದ. ಆಮೇಲೆ, “ದೊಡ್ಡದರಲ್ಲಿ ನಾಲ್ಕು ಜಿಬಿ ಮೆಮೊರಿ, ಅದರಲ್ಲಿ ಎರಡೇ. ದೊಡ್ಡದೇ ಫಾಸ್ಟ್. ಲೆಕ್ಕ ಅಂದ್ರೆ ಲೆಕ್ಕ,” ಎಂದ. ಆದರೆ ದನಿ ಮೊದಲಿನಷ್ಟು ಜೋರಾಗಿರಲಿಲ್ಲ.

ಬುಗುರಿ ಆಗಲೇ ಬಾಗಿಲು ದಾಟಿದ್ದಳು.

ಅಂಗಡಿಯಲ್ಲಿ ರಿಪೇರಿ ಅತ್ತೆ ಶಟರ್ ಅರ್ಧ ಎಳೆದಿದ್ದರು. ಬುಗುರಿ ಅದರ ಕೆಳಗಿನಿಂದ ನುಸುಳಿ ಒಳಗೆ ಬಂದು, ಏದುಸಿರು ಬಿಡುತ್ತಲೇ ಸುಟ್ಟ ಕಾರ್ಡನ್ನು ಮುಂದಿಟ್ಟಳು. “ಅತ್ತೆ, ಕಡ್ಡಿ ಪೈಲ್ವಾನ ಎಲ್ಲಿ?”

“ಗುಜರಿ ಡಬ್ಬದಲ್ಲಿ. ಯಾಕೆ?”

“ಅದು ಬೇಕು. ಅಮ್ಮನ ಡ್ರಾಯಿಂಗಲ್ಲಿ ಅದನ್ನ ಯಾರೂ ಓಡಿಸೇ ನೋಡಿಲ್ಲ.”

ಅತ್ತೆ ಹಣೆಯ ಮೇಲಿನ ಕನ್ನಡಕಕ್ಕಾಗಿ ಮೇಜೆಲ್ಲ ತಡಕಾಡಿ, ಕೊನೆಗೆ ಬುಗುರಿ ಬೆರಳು ತೋರಿಸಿದ ಮೇಲೆ ಅದನ್ನು ಮೂಗಿಗೆ ಇಳಿಸಿಕೊಂಡರು. ಸುಟ್ಟ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಹೌದಲ್ವೇ! ಇದು ವರ್ಕ್‌ಸ್ಟೇಷನ್ ಕಾರ್ಡು. ಆಫೀಸಲ್ಲಿ ನಕ್ಷೆ ಬರೆಯೋ ಮಷಿನ್‌ಗೆ ಹಾಕೋದು. ಇಲ್ಲಿಗೆ ಬರೋರೆಲ್ಲ ಆಟ ಆಡೋರೇ, ಅದಕ್ಕೆ ನಾನೂ ಎಲ್ಲದಕ್ಕೂ ಕಾರೇ ಓಡಿಸಿಬಿಡ್ತೀನಿ. ನಿಮ್ಮಮ್ಮ ಏನು ಮಾಡ್ತಾಳೆ ಅಂತ ಕೇಳಲೇ ಇಲ್ಲ ನೋಡು.”

“ಹಾಗಾದ್ರೆ ಇದೇ ಫಾಸ್ಟಾ?”

“ಅದು ನಂಗೆ ಗೊತ್ತಿಲ್ಲ. ನೋಡದೆ ಹೇಳೋಳಲ್ಲ ನಾನು.” ಅತ್ತೆ ಗುಜರಿ ಡಬ್ಬಕ್ಕೆ ಮೊಣಕೈವರೆಗೂ ಕೈ ಹಾಕಿ ಕಡ್ಡಿ ಪೈಲ್ವಾನನನ್ನು ಹೊರಗೆಳೆದು, ಬ್ರಷ್ಷಿನಿಂದ ಧೂಳು ಹೊಡೆದರು. “ತಗೊಂಡು ಹೋಗು. ನಾಳೆ ಸಂಜೆಯೊಳಗೆ ಒಂದು ಕಾರ್ಡ್ ವಾಪಸ್ ಬರಬೇಕು. ಎರಡನ್ನೂ ಒಂದೇ ಮಷಿನ್‌ಗೆ ಹಾಕಿ, ಒಂದೇ ಫೈಲಲ್ಲಿ ನೋಡಿ, ಬರ್ಕೊಂಡು ಬಾ. ‘ಚೆನ್ನಾಗಿದೆ’, ‘ಸೂಪರಾಗಿದೆ’ ಅಂತ ಬರೀಬೇಡ. ನಂಬರ್ ಬರಿ.”

ಮನೆಗೆ ಬಂದಾಗ ಅಮ್ಮ ಪ್ರಿಂಟರಿಗೆ ಕಾಗದ ತುಂಬುತ್ತಿದ್ದಳು. ಬುಗುರಿ ಕೇಳಿದಳು: “ಅಮ್ಮಾ, ಬಲೆ ತಾನಾಗಿಯೇ ಪೂರ್ತಿ ಒಂದು ಸುತ್ತು ತಿರುಗೋ ಹಾಗೆ ಮಾಡಬಹುದಾ?”

“ಅದಕ್ಕೆ ಒಂದು ಬಟನ್ನೇ ಇದೆ. ಒಂದೊಂದು ಡಿಗ್ರಿ ತಿರುಗಿಸಿ ಮುನ್ನೂರ ಅರವತ್ತು ಸಲ ಬರೆಯುತ್ತೆ. ಯಾಕೆ?”

“ಆಮೇಲೆ ಹೇಳ್ತೀನಿ.”

ಅವಳು ರಫ್ ನೋಟಿನ ಹಾಳೆಯಲ್ಲಿ ಎರಡು ಮನೆ ಎಳೆದಳು. ಒಂದರ ಮೇಲೆ ‘ದೊಡ್ಡದು’ ಎಂದೂ ಇನ್ನೊಂದರ ಮೇಲೆ ‘ಕಡ್ಡಿ’ ಎಂದೂ ಬರೆದಳು. ಅಮ್ಮನ ಫೋನಿನಲ್ಲಿ ಸ್ಟಾಪ್‌ವಾಚ್ ತೆರೆದಳು. ಮೊದಲು ದೊಡ್ಡದು. ಬಟನ್ ಒತ್ತಿದಳು. ಬಲೆ ತೂಕಡಿಸುತ್ತ, ಮುಗ್ಗರಿಸುತ್ತ ಒಂದು ಸುತ್ತು ಮುಗಿಸಿತು. ಐವತ್ತೆರಡು ಸೆಕೆಂಡು. ಸೈನ್ಸ್ ಟೀಚರ್ ಹೇಳಿದ ಹಾಗೆ ಮೂರು ಸಲ ನೋಡಿದಳು. ಐವತ್ತೆರಡು, ಐವತ್ತೊಂದು, ಐವತ್ತೆರಡು.

“ಈಗ ಇದನ್ನ ಹಾಕಿ ಕೊಡು,” ಎಂದು ಕಡ್ಡಿ ಪೈಲ್ವಾನನನ್ನು ಅಣ್ಣನ ಕೈಗಿತ್ತಳು.

“ಟೈಮ್ ವೇಸ್ಟು,” ಎಂದು ಅಣ್ಣ ಮೂಗು ಮುರಿದ. ಆದರೂ ಹಾಕಿಕೊಟ್ಟ. ಇದಕ್ಕೆ ದಪ್ಪ ವೈರುಗಳೇ ಬೇಕಿರಲಿಲ್ಲ, ಸುಮ್ಮನೆ ಒತ್ತಿದರೆ ಕೂತುಕೊಂಡಿತು.

ಬುಗುರಿ ಬಟನ್ ಒತ್ತಿದಳು.

ಬಲೆ ಜಿಗಿಯಿತು. ನಿಂತಿತು. ಜಿಗಿಯಿತು. ನಿಂತಿತು. ಐವತ್ತು ದಾಟಿತು. ಐವತ್ತೈದು. ಐವತ್ತೆಂಟಕ್ಕೆ ಸುತ್ತು ಮುಗಿಯಿತು.

“ನಾನು ಹೇಳ್ಲಿಲ್ವಾ?” ಎಂದ ಅಣ್ಣ. “ಇನ್ನೂ ಆರು ಸೆಕೆಂಡು ಜಾಸ್ತೀನೇ. ಬರಿ, ಬರಿ, ನಂಬರ್ ಬರಿ!”

ಬುಗುರಿಗೆ ಅಳು ಬಂತು. ಬಂದದ್ದನ್ನು ನುಂಗಿದಳು. ಐವತ್ತೆಂಟು ಎಂದು ಬರೆದಳು. ಸುಳ್ಳು ಬರೆಯುವ ಹಾಗಿರಲಿಲ್ಲವಲ್ಲ. ಆಮೇಲೆ ಹಾಳೆಯನ್ನೇ ದಿಟ್ಟಿಸುತ್ತ ಕೂತಳು. ಬುಗುರಿ ಕೂತಲ್ಲೇ ಕೂತದ್ದನ್ನು ನೋಡಿ ಅಮ್ಮನಿಗೇ ಗಾಬರಿಯಾಯಿತು.

“ಹೋಗಲಿ ಬಿಡು ಮರಿ. ನೀನು ಇಷ್ಟು ಮಾಡಿದ್ದೇ ಸಾಕು.”

“ಸಾಕಾಗಲ್ಲಮ್ಮ. ಸುಟ್ಟುಹೋದ ಕಾರ್ಡಲ್ಲಿ ಬಲೆ ಚೆನ್ನಾಗಿ ತಿರುಗ್ತಿತ್ತು ತಾನೇ?”

“ಹೂಂ, ಬುಗುರಿ ಹಾಗೆ ತಿರುಗ್ತಿತ್ತು. ಈ ಬುಗುರಿ ಹಾಗೆ,” ಎಂದು ಅಮ್ಮ ಅವಳ ಜುಟ್ಟು ಎಳೆದಳು.

“ಮತ್ತೆ ಇದೂ ಅದೇ ಜಾತಿಯ ಕಾರ್ಡು. ಅದು ತಿರುಗಿಸುತ್ತೆ, ಇದು ತಿರುಗಿಸಲ್ಲ ಅಂದ್ರೆ ಏನೋ ಬಿಟ್ಟುಹೋಗಿದೆ.” ಅವಳು ಫೋನ್ ಎತ್ತಿ ಅತ್ತೆಗೆ ಕಾಲ್ ಮಾಡಿದಳು. ಆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು.

ಆ ಕಡೆಯಿಂದ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. “ಅದರ ಡ್ರೈವರ್ ಹಾಕಿದ್ರಾ?”

ಬುಗುರಿ ಅಣ್ಣನ ಮುಖ ನೋಡಿದಳು. ಅಣ್ಣ ಚಾವಣಿ ನೋಡಿದ.

“ದೊಡ್ಡದಕ್ಕೆ ಹಾಕಿದ್ದೆ,” ಎಂದ ಮೆಲ್ಲಗೆ. “ಇದಕ್ಕೆ... ಹಾಕಿಲ್ಲ. ಹೇಗೂ ಇದು ವೇಸ್ಟು ಅಂತ...”

“ಮುಖ ನೋಡಿ ಮಣೆ ಹಾಕಿದ್ಯಾ?” ಎಂದಳು ಬುಗುರಿ. ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಫೋನಿನಲ್ಲಿ ಅತ್ತೆಯ ದನಿ ಕೇಳಿಸಿತು. “ಅಂಗಡೀಲಿ ನಾನೂ ಹಾಕಿರಲಿಲ್ಲ ಕಣೇ. ಅವನನ್ನ ಒಬ್ಬನ್ನೇ ಬೈಬೇಡ. ಕಾರ್ಡು ಬರೀ ಕೈ ಇದ್ದ ಹಾಗೆ. ಯಾವ ಕೆಲಸ, ಹೇಗೆ ಮಾಡಬೇಕು ಅಂತ ಅದಕ್ಕೆ ಹೇಳಿಕೊಡೋ ಸಾಫ್ಟ್‌ವೇರೇ ಡ್ರೈವರ್ರು. ಒಂದೊಂದು ಕಾರ್ಡಿಗೂ ಅದರದ್ದೇ ಬೇಕು. ಸ್ಟಿಕ್ಕರ್ ಮೇಲಿನ ನಂಬರ್ ಓದಿ ಹುಡುಕಿ.”

ಸ್ಟಿಕ್ಕರಿನ ನಂಬರು ಅರ್ಧ ಅಳಿಸಿತ್ತು. ಬುಗುರಿ ಟಾರ್ಚ್ ಹಿಡಿದು ಓರೆಯಾಗಿ ನೋಡಿ ಒಂದೊಂದೇ ಅಕ್ಷರ ಓದಿದಳು. ಅಣ್ಣ ಟೈಪ್ ಮಾಡಿದ. ಹುಡುಕಿದ. ಈಗ ಅವನು ಮೂಗು ಮುರಿಯಲಿಲ್ಲ. ಡೌನ್‌ಲೋಡ್ ಮಾಡಿ, ಕಂಪ್ಯೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದ.

“ನೀನೇ ಒತ್ತು,” ಎಂದು ತಂಗಿಗೆ ಮೌಸ್ ಕೊಟ್ಟ.

ಬುಗುರಿ ಒಂದು ಕೈಯಲ್ಲಿ ಸ್ಟಾಪ್‌ವಾಚ್, ಒಂದು ಕೈಯಲ್ಲಿ ಮೌಸ್ ಹಿಡಿದಳು. ಒತ್ತಿದಳು.

ಬಲೆ ಸರ್ರನೆ ತಿರುಗಿತು. ಎಲ್ಲಿಯೂ ನಿಲ್ಲಲಿಲ್ಲ, ಎಲ್ಲಿಯೂ ಜಿಗಿಯಲಿಲ್ಲ. ನಾಲ್ಕು ಲಕ್ಷ ಗೆರೆಗಳ ಬಲೆ, ಒಂದೊಂದು ಹಗ್ಗದ ಹುರಿ ಸಮೇತ, ಪೂರ್ತಿ ಸುತ್ತಿ ಬಂದು ತನ್ನ ಜಾಗದಲ್ಲಿ ನಿಂತಿತು.

ಸ್ಟಾಪ್‌ವಾಚ್ ನೋಡಿದರೆ ಆರು ಸೆಕೆಂಡು.

ಬುಗುರಿ ಕಿರುಚಿದ ಸದ್ದಿಗೆ ಪಕ್ಕದ ಮನೆಯ ಅಂಕಲ್ ಕಾಂಪೌಂಡಿನ ಮೇಲಿಂದ ಇಣುಕಿ, “ಏನಾಯ್ತು? ಹಾವಾ?” ಎಂದು ಕೇಳಿದರು.

“ಆರು ಸೆಕೆಂಡು ಅಂಕಲ್! ಆರೇ ಸೆಕೆಂಡು!” ಎಂದು ಬುಗುರಿ ಕಿಟಕಿಯಿಂದ ಕೂಗಿದಳು. ಪಾಪ, ಅವರಿಗೆ ಏನೂ ಅರ್ಥವಾಗಲಿಲ್ಲ. ಆದರೂ ಹೆಬ್ಬೆರಳು ಎತ್ತಿ ತೋರಿಸಿ ಒಳಗೆ ಹೋದರು.

ಇನ್ನೂ ಎರಡು ಸಲ ನೋಡಿದಳು. ಆರು, ಏಳು. ಬರೆದಳು. ಅಮ್ಮ ಮೌಸ್ ಹಿಡಿದು ಬಲೆಯ ಹಿಂಬದಿಗೆ ಹೋದಳು, ತುದಿಗೆ ಹೋದಳು, ಹಗ್ಗಗಳ ನಡುವಿನಿಂದ ತೂರಿ ಒಳಗೆ ಹೋಗಿ ಮೇಲೆ ನೋಡಿದಳು. ತುಟಿ ಕಚ್ಚುವುದನ್ನು ಮರೆತೇಬಿಟ್ಟಿದ್ದಳು. ಪ್ರಿಂಟರಿಗೆ ತುಂಬಿದ ಕಾಗದ ಹಾಗೇ ಉಳಿಯಿತು.

ಶನಿವಾರ ಹನ್ನೊಂದಕ್ಕೆ ಸರಿಯಾಗಿ ಕಮಿಟಿಯವರು ಬಂದರು. ಅಧ್ಯಕ್ಷರು ಕೋಲು ಊರಿಕೊಂಡು ಬಂದರು. ಅವರ ಹಿಂದೆ ಮಕ್ಕಳ ಡಾಕ್ಟರು. ಎರಡು ವರ್ಷದ ಹಿಂದೆ ಬಲೆ ಬಿಚ್ಚಿಸಲೇಬೇಕು ಎಂದು ಹಟ ಹಿಡಿದವರು ಅವರೇ. ಅವರ ಕಂಕುಳಲ್ಲಿ ಪ್ಲಾಸ್ಟಿಕ್ ಜಾರುಬಂಡೆಯ ಹೊಳೆಯುವ ಕ್ಯಾಟಲಾಗು. ಬುಗುರಿಯ ಕಣ್ಣು ಅದರ ಮೇಲೇ ಇತ್ತು. ಅವಳೂ ಅಣ್ಣನೂ ಬಾಗಿಲ ಹತ್ತಿರ ನಿಂತರು.

“ನೋಡಮ್ಮ, ನಂಗೆ ಚಂದದ ಚಿತ್ರ ಬೇಡ,” ಎಂದರು ಡಾಕ್ಟರು ಕೂರುವ ಮೊದಲೇ. “ಮಗುವಿನ ತಲೆ ಎಲ್ಲಿ ಸಿಕ್ಕುತ್ತೆ ಅದನ್ನ ತೋರಿಸು.”

“ಎಲ್ಲೂ ಸಿಕ್ಕಲ್ಲ ಡಾಕ್ಟ್ರೇ,” ಎಂದಳು ಅಮ್ಮ. “ಒಂದೋ ತಲೆ ತೂರೋದೇ ಇಲ್ಲದಷ್ಟು ಸಣ್ಣ ಸಂದಿ, ಇಲ್ಲಾ ಇಡೀ ಮಗುವೇ ಆರಾಮಾಗಿ ದಾಟೋಷ್ಟು ದೊಡ್ಡದು. ನಡುವಿನ ಅಳತೆ ಒಂದೂ ಇಟ್ಟಿಲ್ಲ.”

“ಬಾಯಲ್ಲಿ ಎಲ್ಲರೂ ಹೇಳ್ತಾರೆ. ತುದೀಲಿ? ಹಗ್ಗ ಎಲ್ಲ ಒಂದೆಡೆ ಸೇರುತ್ತಲ್ಲ, ಅಲ್ಲಿ?”

ಅಮ್ಮ ಮೌಸ್ ಎಳೆದಳು. ಬಲೆ ಅವಳ ಕೈ ಹೋದ ಕಡೆ ಹೋಯಿತು. ತುದಿ ಹತ್ತಿರ ಬಂತು. ಅಮ್ಮ ಅಲ್ಲೇ ನಿಲ್ಲಿಸಿ ಅಳತೆ ತೋರಿಸಿದಳು.

“ಹಿಂದಿನಿಂದ?”

ಹಿಂದಿನಿಂದಲೂ ತೋರಿಸಿದಳು.

“ಕೆಳಗೆ, ನೆಲದ ಹತ್ತಿರ? ಪುಟ್ಟ ಮಕ್ಕಳು ತೆವಳ್ತಾವಲ್ಲ?”

ಕೆಳಗಿನಿಂದಲೂ ತೋರಿಸಿದಳು. ಡಾಕ್ಟರಿಗೆ ತೃಪ್ತಿಯಾಗಲಿಲ್ಲ. “ಸರಿ, ನಾನೇ ನೋಡ್ಲಾ?” ಎಂದು ಕುರ್ಚಿ ಎಳೆದುಕೊಂಡು ಕೂತು ಮೌಸ್ ಹಿಡಿದರು. ಮೊದಲು ತಪ್ಪು ಹುಡುಕುವವರ ಹಾಗೆ ಹುಬ್ಬು ಗಂಟಿಕ್ಕಿ ನೋಡಿದರು. ಮೂಲೆ ಮೂಲೆ ಜಾಲಾಡಿದರು. ಆಮೇಲೆ ಯಾಕೋ ಹುಬ್ಬು ಸಡಿಲವಾಯಿತು. ಹಗ್ಗದಿಂದ ಹಗ್ಗಕ್ಕೆ ಹತ್ತುತ್ತ ಹೋದರು. ತುದಿ ಮುಟ್ಟಿ ಕೆಳಗೆ ನೋಡಿದರು. ಇನ್ನೊಂದು ಕಡೆಯಿಂದ ಇಳಿದರು. ಮತ್ತೆ ಹತ್ತಿದರು.

ಅಧ್ಯಕ್ಷರು ಕೋಲಿನಿಂದ ನೆಲ ತಟ್ಟಿದರು. “ಡಾಕ್ಟ್ರೇ, ಆಡಿದ್ದು ಸಾಕು. ತಲೆ ಸಿಕ್ಕಿತೋ ಇಲ್ವೋ?”

ಡಾಕ್ಟರು ಬೆಚ್ಚಿ ಮೌಸ್ ಬಿಟ್ಟರು. ಒಂದು ಸಲ ಕೆಮ್ಮಿದರು. “ಇಲ್ಲ. ಹುಡುಕಿದ್ದೇ ಬಂತು. ಎಲ್ಲೂ ಇಲ್ಲ.”

“ಕ್ಯಾಟಲಾಗಲ್ಲಿ ಬರೀ ಮುಂದಿನ ಕಡೆ ತೋರಿಸಿದ್ದಾರೆ. ಹಿಂದೆ ಏನಿದೆ ಅಂತ ಯಾರಿಗೆ ಗೊತ್ತು?” ಎಂದರು ಅಧ್ಯಕ್ಷರು. ಅವರು ಎದ್ದು ನಿಂತು ಅಮ್ಮನಿಗೆ ಕೈ ಮುಂದೆ ಮಾಡಿದರು. “ಕಟ್ಟಿಬಿಡಮ್ಮ. ಬೇಸಿಗೆ ರಜಾದೊಳಗೆ ಮುಗಿಸು. ದಿನಾ ಯಾರಾದ್ರೂ ಒಬ್ಬ ಹುಡುಗ ನನ್ನ ನಿಲ್ಲಿಸಿ ‘ತಾತ, ಬಲೆ ಯಾವಾಗ?’ ಅಂತ ಕೇಳ್ತಾನೆ. ನಂಗೆ ಬೀದೀಲಿ ಓಡಾಡೋಕೇ ಆಗ್ತಿಲ್ಲ.”

ಗೇಟು ಮುಚ್ಚಿದ ಸದ್ದಾಗುವವರೆಗೂ ಅಮ್ಮ ದೊಡ್ಡವರ ಹಾಗೆ ಗಂಭೀರವಾಗಿ ನಿಂತಿದ್ದಳು. ಆಮೇಲೆ ಬುಗುರಿಯನ್ನು ಎತ್ತಿಕೊಂಡು ಕೋಣೆಯ ನಡುವೆ ಗಿರಗಿರನೆ ತಿರುಗಿಸಿದಳು. ತಿರುಗಿ ತಿರುಗಿ ಇಬ್ಬರೂ, ಅಮ್ಮ ಮಾದರಿಗೆಂದು ತರಿಸಿಟ್ಟಿದ್ದ ಹಗ್ಗದ ಸುರುಳಿಗಳ ಮೇಲೆ ಬಿದ್ದರು. ಬಿದ್ದಲ್ಲೇ ನಕ್ಕರು. ಬುಗುರಿಗೆ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಸಂಜೆ ಅಣ್ಣ ತಂಗಿ ದೊಡ್ಡ ಕಾರ್ಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಅಂಗಡಿಗೆ ಹೊರಟರು. ದಾರಿಯುದ್ದಕ್ಕೂ ಬುಗುರಿ, “ಆರು ಸೆಕೆಂಡು, ಆರು ಸೆಕೆಂಡು,” ಎಂದು ರಾಗ ಹಾಡಿದಳು. ಅಣ್ಣ ಹರಳೆಣ್ಣೆ ಕುಡಿದವನ ಹಾಗೆ ಮುಖ ಮಾಡಿಕೊಂಡು ಸೈಕಲ್ ತುಳಿದ.

ಅತ್ತೆ ಹಾಳೆಯನ್ನು ಎರಡು ಸಲ ಓದಿದರು. ಐವತ್ತೆಂಟನ್ನೂ ಅಳಿಸದೆ ಬಿಟ್ಟದ್ದನ್ನು ನೋಡಿ, “ಭೇಷ್!” ಎಂದು ಬೆನ್ನು ತಟ್ಟಿದರು. “ಇದನ್ನ ಗೋಡೆಗೆ ಅಂಟಿಸ್ತೀನಿ. ಗುಜರಿ ಡಬ್ಬದಲ್ಲಿ ಇನ್ನೂ ಇಂಥವು ಏಳೆಂಟು ಬಿದ್ದಿವೆ, ಎಲ್ಲ ತೆಗೆದು ಒರೆಸಬೇಕು.”

ಅಷ್ಟರಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಕಾಲೇಜು ಅಕ್ಕ ಒಬ್ಬಳು ಒಳಗೆ ಬಂದಳು. “ಒಂದು ಹಳೇ ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು. ಯಾವುದು ಚೆನ್ನಾಗಿದೆ?” ಎಂದು ಕೇಳಿದಳು.

ಅತ್ತೆ ಬುಗುರಿಯ ಕಡೆ ಕೈ ತೋರಿಸಿದರು. “ಇವಳನ್ನ ಕೇಳು. ಇವತ್ತು ಈ ಅಂಗಡಿಯ ಎಕ್ಸ್‌ಪರ್ಟ್ ಇವಳೇ.”

ಬುಗುರಿಯ ಎದೆ ಉಬ್ಬಿತು. ಕಡ್ಡಿ ಪೈಲ್ವಾನನ ಕಥೆ ನಾಲಿಗೆಯ ತುದಿಯಲ್ಲೇ ಇತ್ತು. ಐವತ್ತೆರಡು ಎಲ್ಲಿ, ಆರು ಎಲ್ಲಿ! ಹೇಳಲು ಬಾಯಿ ತೆರೆದಳು. ಆಗ ಅಣ್ಣ ಕಾಣಿಸಿದ. ಅವನು ಮೂಲೆಯಲ್ಲಿ ನಿಂತು ದೊಡ್ಡ ಕಾರ್ಡಿನ ಫ್ಯಾನಿಗೆ ಅಂಟಿದ್ದ ಟವೆಲ್ಲಿನ ನೂಲನ್ನು ಒಂದೊಂದಾಗಿ ಬಿಡಿಸುತ್ತಿದ್ದ.

“ನೀವು ಅದರಲ್ಲಿ ಏನು ಮಾಡ್ತೀರಾ ಅಕ್ಕ?” ಎಂದು ಕೇಳಿದಳು ಬುಗುರಿ.

“ಏನಿಲ್ಲ, ಗೇಮ್ಸ್. ಭಾನುವಾರ ಫ್ರೆಂಡ್ಸೆಲ್ಲ ಸೇರಿ ಆಡ್ತೀವಿ.”

ಬುಗುರಿ ಮತ್ತೆ ಅಣ್ಣನ ಕಡೆ ನೋಡಿದಳು.

“ಹಾಗಾದ್ರೆ ನಮ್ಮಣ್ಣನ್ನ ಕೇಳಿ. ಅವನಿಗೆ ಗೊತ್ತು,” ಎಂದಳು.

ಅಣ್ಣ ತಲೆಯೆತ್ತಿ ನೋಡಿದ. ಅವನಿಗೆ ನಂಬಿಕೆ ಬಂದಂತಿರಲಿಲ್ಲ. ಬುಗುರಿ ಪಕ್ಕಕ್ಕೆ ಸರಿದು, ಮೇಜಿನ ಮುಂದೆ ಅವನಿಗೂ ಅವನ ದೊಡ್ಡ ಕಾರ್ಡಿಗೂ ಜಾಗ ಬಿಟ್ಟಳು.